ಭಾವನ ಮೆಟ್ಟು

ಬಿಳಿಗಿರಿ ಬೆಟ್ಟದ ರಂಗನಾಥನ ಗುಡಿಯಲ್ಲಿ ಪೂಜಾರರು ತೀರ್ಥ ಕೊಟ್ಟು ಸುಮ್ನೆ ಕಳಿಸುವುದಿಲ್ಲ. ದೇವರ ಚರ್ಮದ ಮೆಟ್ಟನ್ನು ತಲೆಗೆ ಮುಟ್ಟಿಸುತ್ತಾರೆ. ಮೊದಲ ಸಲ ಬಂದವರು ಒಂದು ಕ್ಷಣ ಹಿಂದೆ ಸರಿಯುತ್ತಾರೆ. ಚಿಕ್ಕವನಿದ್ದಾಗ ನಾನೂ ಸರಿದಿದ್ದೆ. ಅಮ್ಮ ಕತ್ತು ಹಿಡಿದು ಬಗ್ಗಿಸಿದ್ದರು. ಸಣ್ಣ ಮೆಟ್ಟೇನಲ್ಲ ಅದು, ಉದ್ದ ಒಂದು ಅಡಿ ಒಂಬತ್ತು ಅಂಗುಲ. ಬೂದಿತಿಟ್ಟು ಅನ್ನುವ ಊರಿನವರು ಹೊಲಿದು, ಎರಡು ವರ್ಷಕ್ಕೊಮ್ಮೆ ಹೊಸ ಜೋಡಿ ಒಪ್ಪಿಸುತ್ತಾರೆ. ಹೊಸದು ಯಾಕೆ ಬೇಕು ಅಂದರೆ ಹಳೆಯದು ಸವೆದಿರುತ್ತದೆ. ಹೇಗೆ ಸವೆಯಿತು? ರಾತ್ರಿ ರಂಗಪ್ಪ ಅದನ್ನು ಮೆಟ್ಟಿಕೊಂಡು ಕಾಡೆಲ್ಲ ಸುತ್ತುತ್ತಾನೆ.

ಗರ್ಭಗುಡಿಯಲ್ಲಿ ಸುಮ್ಮನೆ ನಿಂತಿರುವ ದೇವರಿಗೆ ಮೆಟ್ಟು ಬೇಕಿಲ್ಲ, ಅಲ್ವಾ? ಕಲ್ಲು, ಮುಳ್ಳು, ಹಳ್ಳ ಇರುವ ಕಡೆ ನಡೆಯುವವನಿಗೆ ಬೇಕು.

ಈ ವರ್ಷ ಅಮ್ಮನ ಹರಕೆ ತೀರಿಸಲು ಚಿಕ್ಕ ಜಾತ್ರೆಗೆ ಹೋಗಿದ್ದೆವು. ಸಂಕ್ರಾಂತಿ ಹೊತ್ತಿಗೆ ಚಿಕ್ಕ ಜಾತ್ರೆ, ವೈಶಾಖದಲ್ಲಿ ದೊಡ್ಡ ಜಾತ್ರೆ. ಹರಕೆ ಏನು ಅಂತ ಅಮ್ಮ ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ. ಯಳಂದೂರು ದಾಟಿ ಬಸ್ಸು ಬೆಟ್ಟ ಹತ್ತುವಾಗ ಕಿಟಕಿ ಪಕ್ಕ ಒಬ್ಬ ಸೋಲಿಗರ ಅಜ್ಜ ಕೂತಿದ್ದರು. ಸೋಲಿಗರು ಅಂದರೆ ಈ ಬೆಟ್ಟದ ಕಾಡಿನ ಆದಿವಾಸಿಗಳು. ಅಮ್ಮ ಮಾತಿಗೆ ಎಳೆದರು. 'ರಂಗಪ್ಪ ನಮ್ ಭಾವ ಕಣವ್ವ,' ಅಂದರು ಅಜ್ಜ, ಪಕ್ಕದೂರಿನ ನೆಂಟನ ಸುದ್ದಿ ಹೇಳುವಂತೆ.

ಕತೆ ಗೊತ್ತಿರುವವರಿಗೆ ಗೊತ್ತು. ಸೋಲಿಗರ ಹುಡುಗಿ ಕುಸುಮಾಲೆಯನ್ನು ರಂಗನಾಥ ಮೆಚ್ಚಿ ಮದುವೆಯಾದ. ಅಂದಿನಿಂದ ಸೋಲಿಗರಿಗೆ ಅವನು ಭಾವ, ಅವನಿಗೆ ಈ ಕಾಡು ಮಾವನ ಮನೆ. ಹೀಗೆ ಸಲಿಗೆಯಿಂದ ನೆಂಟಸ್ತನ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ನಾವು ಕೈ ಮುಗಿದು ಕೇಳಿಕೊಳ್ಳುತ್ತೇವೆ, ಅವರು ಭಾವನನ್ನು ಮಾತಾಡಿಸಿ ಬರುತ್ತಾರೆ.

ನಮಗೆ ದೇವರು ಮೆಟ್ಟಿಲ ಮೇಲಿನ ಗುಡಿಯಲ್ಲಿ. ಅವರಿಗೆ ಕಾಡಿನ ತುಂಬ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದು ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ಬಗೆಯ ಜಾಗ. ಅಬ್ಬಿ ಅಂದರೆ ನೀರಿನ ತಾಣ, ಅದಕ್ಕೂ ಪೂಜೆ. ಕೆಲವು ವರ್ಷಗಳ ಹಿಂದೆ ಹಿರಿಯ ಸೋಲಿಗರು ಸಂಶೋಧಕರ ಜೊತೆ ಕಾಡು ಸುತ್ತಿ ಈ ಜಾಗಗಳನ್ನೆಲ್ಲ ನಕ್ಷೆಗೆ ಇಳಿಸಿದರು. ಲೆಕ್ಕ ಹಾಕಿದಾಗ 489 ಜಾಗ ಸಿಕ್ಕವು. ಸರ್ಕಾರದ ನಕ್ಷೆಯಲ್ಲಿ ಬರೀ ಹಸಿರು ಬಣ್ಣವಿದ್ದ ಕಡೆ ಇಷ್ಟು ಹೆಸರು! ದೊಡ್ಡ ಸಂಪಿಗೆ ಅದರಲ್ಲಿ ಎಲ್ಲರಿಗೂ ಗೊತ್ತಿರುವುದು. ಭಾರ್ಗವಿ ಹೊಳೆಯ ದಡದ ಆ ಮುದಿ ಮರದ ಬುಡದಲ್ಲಿ ಲಿಂಗದಂಥ ಕಲ್ಲುಗಳು ಗುಂಪಾಗಿ ಕೂತಿವೆ. ಇಪ್ಪತ್ತು ವರ್ಷದ ಹಿಂದೆ ಒಮ್ಮೆ ನೋಡಿದ್ದೆ. ಗೋಡೆ ಇಲ್ಲ, ಗೋಪುರ ಇಲ್ಲ, ಹುಂಡಿಯೂ ಇಲ್ಲ. ತಲೆ ಎತ್ತಿ ನೋಡಿ ನೋಡಿ ಕತ್ತು ನೋವು ಬಂದಿತ್ತು.

'ಈಗ ಅಲ್ಲಿಗೆ ಹೋಗ್ತೀರಾ ತಾತ?' ಅಂತ ಕೇಳಿದೆ. ಅಜ್ಜ ನಕ್ಕರು. ಅದು ಉದ್ದದ ಕತೆ.

1974ರಲ್ಲಿ ಈ ಕಾಡು ವನ್ಯಜೀವಿ ಧಾಮವಾಯಿತು. ಕಾಡೊಳಗಿದ್ದ ಪೋಡುಗಳು, ಅಂದರೆ ಸೋಲಿಗರ ಹಾಡಿಗಳು, ರಸ್ತೆ ಬದಿಗೆ ಬಂದವು. ಬೇಸಾಯದ ಹಳೆ ಪದ್ಧತಿ ನಿಂತಿತು, ತರಗು ಬೆಂಕಿಯೂ ನಿಂತಿತು. ಬೇಸಿಗೆ ಏರುವ ಮೊದಲೇ ಒಣ ಎಲೆಗೆ ಸಣ್ಣದಾಗಿ ಹಚ್ಚುತ್ತಿದ್ದ ಬೆಂಕಿ ಅದು. 'ಆ ಬೆಂಕಿ ಇದ್ದಾಗ ಲಾಂಟಾನ ಕಳೆ ಹಿಂಗೆ ಕವಿದಿತ್ತಾ?' ಅಂತ ಅಜ್ಜ ಕಿಟಕಿಯಾಚೆ ಕೈ ತೋರಿಸಿದರು. ನೆಲ್ಲಿ ಮರಕ್ಕೆ ಬಂದಳಿಕೆ ಜಾಸ್ತಿಯಾಗಿದ್ದಕ್ಕೂ ಅವರು ಇದೇ ಕಾರಣ ಕೊಡುತ್ತಾರೆ. 2006ರಲ್ಲಿ ಜೇನು, ನೆಲ್ಲಿ ಮಾರಾಟಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಹುಲಿ ಮೀಸಲು ಪ್ರದೇಶವೆಂದು ಘೋಷಣೆ ಬಂತು. ಹುಲಿಗಾಗಿ ಇವರನ್ನು ದೂರ ಇಡಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗದ ಮಾತು. ಹುಲಿಯನ್ನು ಹುಲಿವೀರಪ್ಪ ಅಂತ ಪೂಜಿಸುವ ಜನ ಇವರು.

ಆದರೆ ಅದೇ 2011ರ ಅಕ್ಟೋಬರ್‌ನಲ್ಲಿ 25 ಪೋಡುಗಳ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಯ ಜೊತೆ ತಮ್ಮ ದೇವರ ಜಾಗಗಳಿಗೆ ಹೋಗಿ ಪೂಜೆ ಮಾಡುವ ಹಕ್ಕೂ ಅದರಲ್ಲಿದೆ. ತಮ್ಮ ಭಾವನ ಕಾಡಿಗೆ ಹೋಗಲು ಕಾಗದ ಬೇಕಾಯಿತಲ್ಲ ಅಂತ ಒಂದು ಕಡೆ ಬೇಜಾರು. ಕಾಗದವಾದರೂ ಬಂತಲ್ಲ ಅಂತ ಇನ್ನೊಂದು ಕಡೆ ಸಮಾಧಾನ.

ಜೇನು ಇಳಿಸುವಾಗ ಹೇಗೆ ಅಂತ ಅಮ್ಮ ಕೇಳಿದರು. 'ಎಲ್ಲಾನೂ ಕಿತ್ಕೊಂಡು ಬಂದ್ರೆ ಅದಕ್ಕೇನವ್ವ ಉಳೀತದೆ?' ಅಂದರು ಅಜ್ಜ. ಗೆಣಸು ಅಗೆದರೂ ಬಳ್ಳಿ ಮತ್ತೆ ಚಿಗುರುವಷ್ಟು ಗೆಡ್ಡೆ ಮಣ್ಣಲ್ಲೇ ಬಿಟ್ಟು ಮುಚ್ಚುತ್ತಾರಂತೆ. ದೇವರಿಗೆ ಮೀಸಲು ಎತ್ತಿಡುವುದು ನಮ್ಮ ಮನೆಯಲ್ಲೂ ಉಂಟು. ನಾವು ಅದನ್ನು ತಟ್ಟೆಯಲ್ಲಿಟ್ಟು, ಆಮೇಲೆ ನಾವೇ ತಿನ್ನುತ್ತೇವೆ.

ಗುಡಿಗೆ ಇನ್ನೂ ದೂರವಿರುವಾಗಲೇ ಅಜ್ಜ ತಮ್ಮ ಪೋಡಿನ ಹತ್ತಿರ ಇಳಿದರು. 'ಭಾವನ್ನ ಕೇಳ್ದೆ ಅಂತ ಹೇಳಿ,' ಅಂತ ಅಮ್ಮನಿಗೆ ಹೇಳಿ ಹೋದರು. ಗುಡಿಯಲ್ಲಿ ಜನ ತುಂಬಿತ್ತು. ಪೂಜಾರರು ಮೆಟ್ಟು ಮುಟ್ಟಿಸಿದಾಗ ಈ ಸಲ ನಾನೇ ತಲೆ ಬಗ್ಗಿಸಿದೆ. ಚರ್ಮದ ಅಂಚು ಒರಟಾಗಿ ತಾಗಿತು. ಪಕ್ಕದಲ್ಲಿ ಅಮ್ಮ ಕಣ್ಣು ಮುಚ್ಚಿ ಏನೋ ಪಿಸುಗುಟ್ಟುತ್ತಿದ್ದರು. ಹರಕೆಯ ಮಾತಿರಬೇಕು ಅಂದುಕೊಂಡೆ. ಅಲ್ಲವಂತೆ, ಅಜ್ಜ ಹೇಳಿದ್ದನ್ನು ತಲುಪಿಸುತ್ತಿದ್ದರಂತೆ.

ಹೊಸ ಮೆಟ್ಟು ಒಪ್ಪಿಸುವ ವರ್ಷ ಮತ್ತೆ ಹೋಗೋಣ ಅಂದಿದ್ದಾರೆ. ಹಳೆಯದು ಎಷ್ಟು ಸವೆದಿದೆ ಅಂತ ಅವರು ನೋಡಬೇಕಂತೆ.