ಇದರಲ್ಲಿ ಕೆಮಿಕಲ್ ಇಲ್ಲ ಅಲ್ವಾ?

ಧಾರವಾಡದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಕೆಮಿಸ್ಟ್ರಿ ಕಲಿಸುತ್ತಿದ್ದೇನೆ. ಕ್ಲಾಸಿನ ಮಕ್ಕಳು ನನ್ನನ್ನು ಪ್ರಶ್ನೆ ಕೇಳುವುದು ಕಡಿಮೆ. ಊರಿನವರು ಬಿಡುವುದಿಲ್ಲ. ಎದುರು ಮನೆಯ ವೈನಿ ಸಂತೆಯಿಂದ ತಂದ ಬೆಲ್ಲದ ಹೆಂಟೆ ಹಿಡಿದುಕೊಂಡೇ ಗೇಟು ತೆಗೆಯುತ್ತಾರೆ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಜಿಲೇಬಿ ತೋರಿಸುತ್ತಾರೆ. ಕಿರಾಣಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಒಮ್ಮೆ ದವಾಖಾನೆಯ ಸಾಲಿನಲ್ಲಿ ನಿಂತಾಗಲೂ ಅದೇ ಮಾತು: "ಮೇಡಂ, ಇದರಾಗ ಕೆಮಿಕಲ್ ಇಲ್ಲಲ್ರೀ?"

ಇದೆ. ಎಲ್ಲದರಲ್ಲೂ ಇದೆ.

ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನು ಇಷ್ಟೇ ಹೇಳಿ ಜಾಣತನ ತೋರಿಸುತ್ತಿದ್ದೆ. "ನೀರೂ ಕೆಮಿಕಲ್ಲೇ, ಉಪ್ಪೂ ಕೆಮಿಕಲ್ಲೇ, ನೀವೂ ಕೆಮಿಕಲ್ಲೇ" ಅಂತ. ಸುಳ್ಳಲ್ಲ, ಆದರೆ ಕೇಳಿದವರಿಗೆ ಅದರಿಂದ ಕವಡೆಯಷ್ಟೂ ಉಪಯೋಗವಿಲ್ಲ. ಅವರು ಕೇಳುತ್ತಿದ್ದದ್ದು "ಇದನ್ನು ಮೊಮ್ಮಗನಿಗೆ ಕೊಡಬಹುದಾ" ಅಂತ. ಈಗ ನಾನೇ ತಿರುಗಿ ಕೇಳುತ್ತೇನೆ. ಯಾವ ಕೆಮಿಕಲ್? ಎಷ್ಟು? ಇದಕ್ಕೆ ವೈನಿಯವರ ಉತ್ತರ, "ಅದನ್ನ ನೀವ ಹೇಳಬೇಕ್ರೀ, ಪಗಾರ ಅದಕ್ಕ ಕೊಡೂದು." ಸರಿ, ಹೇಳುತ್ತೇನೆ.

ಮಾವಿನ ಹಣ್ಣಿನಿಂದ ಶುರು ಮಾಡೋಣ. ಧಾರವಾಡದವರಿಗೆ ಆಪೂಸ್ ಬಿಟ್ಟರೆ ಬೇಸಿಗೆ ಇಲ್ಲ. ಎರಡು ವರ್ಷದ ಹಿಂದೆ, ಸೀಸನ್ ಇನ್ನೂ ಸರಿಯಾಗಿ ಶುರುವಾಗುವ ಮೊದಲೇ, ವೈನಿ ಒಂದು ಬಾಕ್ಸ್ ಹಣ್ಣು ತಂದರು. ಎಲ್ಲ ಹಣ್ಣೂ ಒಂದೇ ಹಳದಿ, ಸುಣ್ಣ ಬಣ್ಣ ಹೊಡೆದ ಗೋಡೆಯ ಹಾಗೆ. ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ. ಹೆಚ್ಚಿದರೆ ಒಳಗೆ ಬಿಳಿ, ಹುಳಿ. ಹುಲ್ಲು ಸರಿಸಿ ನೋಡಿದೆ. ತಳದಲ್ಲಿ ಹಳೆ ಪೇಪರಿನ ಚಿಕ್ಕ ಪೊಟ್ಟಣ, ಒಳಗೆ ಬೂದಿ ಬಣ್ಣದ ಪುಡಿ. ಮೂಸಿದರೆ ಸ್ವಲ್ಪ ಬೆಳ್ಳುಳ್ಳಿಯಂಥ ನಾತ.

ಅದು ಕ್ಯಾಲ್ಸಿಯಂ ಕಾರ್ಬೈಡ್. ವೆಲ್ಡಿಂಗ್ ಅಂಗಡಿಯವರಿಗೆ ಇದು ಹಳೆಯ ಪರಿಚಯ. ನೀರಿನ ಪಸೆ ತಾಗಿದರೆ ಸಾಕು, ಅಸಿಟಲೀನ್ ಗ್ಯಾಸ್ ಬಿಡುತ್ತದೆ. ಕೊನೆಗೆ ಉಳಿಯುವ ಬಿಳಿ ಪುಡಿ ನಮ್ಮ ಎಲೆ ಅಡಿಕೆಯ ಸುಣ್ಣವೇ. ಗ್ಯಾಸ್ ತಗುಲಿದ ಕಾಯಿಯ ಸಿಪ್ಪೆ ಹಳದಿ ಆಗುತ್ತದೆ, ಒಳಗಿನ ತಿರುಳಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಹೆದರಬೇಕಾದ್ದು ಅಸಿಟಲೀನಿಗಲ್ಲ. ಅಂಗಡಿಯ ಕಾರ್ಬೈಡ್ ಶುದ್ಧವಾಗಿರುವುದಿಲ್ಲ, ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಬೆರೆತಿರಬಹುದು. ಆ ಬೆಳ್ಳುಳ್ಳಿ ನಾತ ಬರುವುದೂ ಆ ಕಲಬೆರಕೆಯಿಂದಲೇ. ಹಣ್ಣು ಮಾಗಿಸಲು ಇದನ್ನು ಬಳಸುವುದಕ್ಕೆ ನಮ್ಮ ದೇಶದಲ್ಲಿ ನಿಷೇಧ ಇದೆ.

"ಹಂಗಾದ್ರ ಗ್ಯಾಸ್ ಹಾಕಿದ ಹಣ್ಣು ಎಲ್ಲಾ ವಿಷ ಅನ್ರಿ" ಅಂದರು ವೈನಿ. ಇಲ್ಲ. ನಮ್ಮ ಅಜ್ಜಿ ಅಟ್ಟದ ಮೇಲೆ ಹುಲ್ಲು ಹಾಸಿ ಮಾವಿನಕಾಯಿ ಹಣ್ಣಿಗೆ ಹಾಕುತ್ತಿದ್ದಳಲ್ಲ, ಅಲ್ಲೂ ಕೆಲಸ ಮಾಡುತ್ತಿದ್ದದ್ದು ಗ್ಯಾಸೇ. ಎಥಿಲೀನ್ ಅಂತ ಅದರ ಹೆಸರು. ಕಾಯಿ ತಾನೇ ಅದನ್ನು ಬಿಡುತ್ತದೆ, ಹುಲ್ಲು ಅದನ್ನು ಹೊರಗೆ ಹೋಗಗೊಡುವುದಿಲ್ಲ. ಒಂದು ಹಣ್ಣಾದರೆ ಪಕ್ಕದ ನಾಲ್ಕು ಹಣ್ಣಾಗುವುದು ಹೀಗೆ. ದೊಡ್ಡ ವ್ಯಾಪಾರಿಗಳು ಮಾಗಿಸುವ ಕೋಣೆಗೆ ಇದೇ ಎಥಿಲೀನ್ ಬಿಡುತ್ತಾರೆ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲಿನವರೆಗೆ ಬಿಡಲು ಕಾಯ್ದೆಯ ಒಪ್ಪಿಗೆಯೂ ಇದೆ. ಸಿಲಿಂಡರಿನಿಂದ ಬಂದ ಎಥಿಲೀನಿಗೂ ಅಜ್ಜಿಯ ಅಟ್ಟದ ಎಥಿಲೀನಿಗೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಎರಡು ಕಾರ್ಬನ್, ನಾಲ್ಕು ಹೈಡ್ರೋಜನ್, ಮುಗೀತು. ಮನೆಯಲ್ಲಿ ಮಾಡುವುದಾದರೆ ಅಕ್ಕಿ ಡಬ್ಬದಲ್ಲಿ ಕಾಯಿಯ ಜೊತೆ ಒಂದು ಕಳಿತ ಬಾಳೆಹಣ್ಣು ಇಡಿ.

ಬೆಲ್ಲದ ಕಥೆ ಚಿಕ್ಕದು. ನಿಂಬೆಹಣ್ಣಿನ ಬಣ್ಣದ ಬೆಲ್ಲ ಕಂಡರೆ ನಾನು ಮುಟ್ಟುವುದಿಲ್ಲ. ಕಬ್ಬಿನ ಹಾಲು ಗಂಟೆಗಟ್ಟಲೆ ಕುದ್ದ ಮೇಲೆ ಕಂದು ಆಗಲೇಬೇಕು. ಆ ಬಣ್ಣ ತೆಗೆಯಲು ಕೆಲವರು ಹೈಡ್ರೋಸ್ ಅನ್ನುವ, ಗಂಧಕದ ಅಂಶ ಇರುವ ಪುಡಿ ಹಾಕುತ್ತಾರೆ. ಹಾಗಂತ ಕಪ್ಪು ಬೆಲ್ಲಕ್ಕೆ "ಕೆಮಿಕಲ್ ಇಲ್ಲ" ಅಂತ ಚೀಟಿ ಅಂಟಿಸಿ ಎರಡು ಪಟ್ಟು ರೇಟು ಹಾಕಿದರೆ ನನಗೆ ನಗು ಬರುತ್ತದೆ. ಗಾಣದವರು ಕೊಳೆ ತೆಗೆಯಲು ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದು ಮೊದಲಿನಿಂದ ಬಂದ ಪದ್ಧತಿ. ಸುಣ್ಣವೇನು ಕೆಮಿಕಲ್ ಅಲ್ವಾ?

ಸುಣ್ಣ ಅಂದಾಗ ನೆನಪಾಯಿತು. ಹೋದ ವರ್ಷ ಒಬ್ಬ ಹುಡುಗ ಬಿಳಿ ಯೂನಿಫಾರ್ಮಿನ ಮೇಲೆ ರಕ್ತದಂಥ ಕಲೆ ಮಾಡಿಕೊಂಡು ಬಂದ. ಹೊಡೆದಾಟ ಆಗಿರಬೇಕು ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಗಾಬರಿ. ಅವನಿಗೂ ಗಾಬರಿ, "ರಾತ್ರಿ ಸಾರು ಚೆಲ್ಲಿದ್ದು ಅಷ್ಟ ರೀ, ಸಾಬಾಣ ಹಚ್ಚಿದ ಮ್ಯಾಲ ಕೆಂಪಾತು" ಅಂದ. ಅರಿಸಿನದ ಹಳದಿಗೆ ಸಾಬೂನಿನ ಕ್ಷಾರ ತಾಗಿದರೆ ಕೆಂಪು ಆಗುತ್ತದೆ. ಆರತಿ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಹಾಕಿದಾಗ ಆಗುವುದೂ ಅದೇ. ಕಲೆಯ ಮೇಲೆ ನಿಂಬೆಹಣ್ಣು ಹಿಂಡಿದೆ. ಮತ್ತೆ ಹಳದಿ. ಆ ಹಳದಿ ಹೋಗಬೇಕಾದರೆ ಅಂಗಿಯನ್ನು ಬಿಸಿಲಿಗೆ ಹಾಕಬೇಕು, ಅರಿಸಿನದ ಬಣ್ಣ ಬೆಳಕಿಗೆ ತಾಳುವುದಿಲ್ಲ. ಆ ವರ್ಷ ಆಸಿಡ್ಡು ಬೇಸುಗಳ ಪಾಠವನ್ನು ಬೇರೆ ಮಾಡಬೇಕಾಗಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆಯೂ ಇದೇ ಸಂಶಯ. "ಇಷ್ಟು ಕೆಂಪು ಇರಾಕ ಸಾಧ್ಯ ಐತೇನ್ರಿ, ಬಣ್ಣ ಹಾಕ್ಯಾರ." ಪುಡಿಗೆ ಬಣ್ಣ ಹಾಕುವವರು ಇದ್ದಾರೆ, ಅದು ಬೇರೆ ಮಾತು. ಆದರೆ ಬ್ಯಾಡಗಿ ಕಾಯಿಗೆ ಆ ಕೆಂಪು ಹುಟ್ಟಿನಿಂದಲೇ ಬಂದದ್ದು. ಅದು ಕ್ಯಾಪ್ಸಾಂಥಿನ್ ಅನ್ನುವ ಬಣ್ಣ. ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಎಣಗಾಯಿಯ ಮೇಲೆ ಕೆಂಪು ಎಣ್ಣೆ ತೇಲುವುದು ಅದಕ್ಕೆ. ಖಾರದ ಕ್ಯಾಪ್ಸೈಸಿನ್ ಈ ಕಾಯಿಯಲ್ಲಿ ಕಡಿಮೆ. ಅದೂ ನೀರಿಗೆ ಬಗ್ಗುವುದಲ್ಲ. ಮಿರ್ಚಿ ತಿಂದು ಬಾಯಿ ಉರಿದಾಗ ತಂಬಿಗೆಗಟ್ಟಲೆ ನೀರು ಕುಡಿದರೆ ಏನೂ ಆಗುವುದಿಲ್ಲ, ಎರಡು ಚಮಚ ಗಟ್ಟಿ ಮೊಸರು ತಿನ್ನಿ. ಮೆಣಸಿನ ಖಾರ ಅಳೆಯುವ ವಿಧಾನವನ್ನು ಅಮೆರಿಕದ ವಿಲ್ಬರ್ ಸ್ಕೋವಿಲ್ ಕಂಡುಹಿಡಿದದ್ದು 1912ರಲ್ಲಿ. ಅದೇ 1912ರಲ್ಲಿ ಫ್ರಾನ್ಸಿನ ಲೂಯಿ ಮೇಯಾರ್, ಸಕ್ಕರೆ ಅಂಶ ಮತ್ತು ಪ್ರೊಟೀನಿನ ತುಣುಕುಗಳಾದ ಅಮೈನೋ ಆಮ್ಲಗಳು ಬಿಸಿಯಲ್ಲಿ ಕೂಡಿದರೆ ಕಂದು ಬಣ್ಣ ಬರುತ್ತದೆ ಅಂತ ಬರೆದ. ಖೋವಾ ಹುರಿದು ಹುರಿದು ಧಾರವಾಡ ಪೇಡೆಗೆ ಆ ಬಣ್ಣ ಬರುವುದು ಅವನು ಹೇಳಿದ ದಾರಿಯಲ್ಲೇ. ನಮ್ಮ ಭಾಗದ ಖಾರ, ಸಿಹಿ ಎರಡಕ್ಕೂ ಒಂದೇ ವರ್ಷ ಲೆಕ್ಕ ಬರೆದಿಟ್ಟ ಹಾಗಾಯಿತು. ಇದನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲ ಅಂತ ಯಾರೂ ಬರೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಈ ಪ್ರಶ್ನೆ ನನ್ನನ್ನು ಚುಚ್ಚುವುದು ಬೇರೆ ಕಾರಣಕ್ಕೆ. ನನ್ನ ಮುಂದಿನ ಎರಡು ಹಲ್ಲುಗಳ ಮೇಲೆ ಅಡ್ಡಕ್ಕೆ ಒಂದು ಕಂದು ಗೆರೆ ಇದೆ. ನೋಡಿದವರು ಚಹಾ ಜಾಸ್ತಿ ಅಂದುಕೊಳ್ಳುತ್ತಾರೆ. ಕೆಲವರು ಅದಕ್ಕಿಂತ ಕೆಟ್ಟದ್ದನ್ನೂ ಅಂದುಕೊಳ್ಳುತ್ತಾರೆ.

ನಾನು ಹುಟ್ಟಿದ್ದು ಗದಗ ಜಿಲ್ಲೆಯ ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ. ನನ್ನ ವಾರಗೆಯವರ ಹಲ್ಲೆಲ್ಲ ಹೀಗೆಯೇ. ಅಜ್ಜಿ ಉಪ್ಪು, ಇದ್ದಿಲು ಹಾಕಿ ನನ್ನ ಹಲ್ಲು ತಿಕ್ಕಿಸಿದ್ದೇ ತಿಕ್ಕಿಸಿದ್ದು, ವಸಡಿನಿಂದ ರಕ್ತ ಬಂತೇ ಹೊರತು ಗೆರೆ ಹೋಗಲಿಲ್ಲ. ನನಗೆ ಹತ್ತು ವರ್ಷ ಆದಾಗ ಅಪ್ಪನಿಗೆ ಧಾರವಾಡಕ್ಕೆ ವರ್ಗ ಆಯಿತು. ತಮ್ಮನಿಗಾಗ ಒಂದೇ ವರ್ಷ. ಅವನು ಬೆಳೆದದ್ದು ಮಲಪ್ರಭೆಯ ನೀರು ಕುಡಿದು. ಅವನ ಹಲ್ಲು ಮಲ್ಲಿಗೆ ಮೊಗ್ಗಿನ ಹಾಗಿವೆ. ಅದೇ ತಂದೆ ತಾಯಿ, ಅದೇ ಜೋಳದ ರೊಟ್ಟಿ, ನೀರು ಮಾತ್ರ ಬೇರೆ.

ನಮ್ಮ ಹಳ್ಳಿಯಲ್ಲಿ ಎರಡು ಬೋರ್ ಇದ್ದವು. ಶಾಲೆ ಹತ್ತಿರದ್ದು ಸವಳು. ಅದರಲ್ಲಿ ಸಾಬೂನು ನೊರೆ ಬಿಡುತ್ತಿರಲಿಲ್ಲ, ಬೇಳೆ ಬೇಯುತ್ತಿರಲಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಬೇಳೆಯೊಳಗಿನ ಪೆಕ್ಟಿನ್ ಅನ್ನುವ ಅಂಟಿಗೆ ಗಂಟು ಬಿದ್ದು ಅದನ್ನು ಬಿಗಿಯಾಗಿಸುತ್ತದೆ, ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಗುಡಿ ಹತ್ತಿರದ ಬೋರಿನ ನೀರು ಮೆತ್ತಗೆ, ಕುಡಿಯಲು ರುಚಿ. ಬೇಳೆ ಎರಡು ಕುದಿಗೆ ಬೆಣ್ಣೆ. ಎಲ್ಲರ ಕೊಡವೂ ಅಲ್ಲಿಗೇ. "ಗಂಗವ್ವನ ನೀರು, ಇದರಾಗ ಏನೂ ಬೆರಕಿ ಇಲ್ಲ" ಅನ್ನುತ್ತಿದ್ದಳು ಅಜ್ಜಿ.

ಎಂ.ಎಸ್ಸಿ ಮಾಡುವಾಗ ಎರಡೂ ಬೋರಿನ ನೀರನ್ನು ಬಾಟಲಿಯಲ್ಲಿ ತಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದೆ. ಹಲ್ಲಿಗೆ ಇಂಥ ಕಲೆ ತರುವ ಫ್ಲೋರೈಡ್ ಅನ್ನುವ ಅಂಶವನ್ನು ಅಳೆಯುವ ಒಂದು ವಿಧಾನದಲ್ಲಿ ಕೆಂಪು ಬಣ್ಣದ ದ್ರಾವಣಕ್ಕೆ ನೀರು ಬೆರೆಸುತ್ತಾರೆ. ಫ್ಲೋರೈಡ್ ಎಷ್ಟು ಜಾಸ್ತಿ ಇದೆಯೋ ಅಷ್ಟು ಕೆಂಪು ಮಾಸುತ್ತದೆ. ಶಾಲೆ ಬೋರಿನ ನೀರು ಬೆರೆಸಿದೆ, ಬಣ್ಣ ಸ್ವಲ್ಪ ತೆಳುವಾಯಿತು. ಗುಡಿ ಬೋರಿನದು ಬೆರೆಸಿದೆ. ಕಣ್ಣೆದುರೇ ಕೆಂಪು ಇಳಿಯಿತು. ಯಂತ್ರದ ಲೆಕ್ಕ ಬರುವ ಮೊದಲೇ ನನಗೆ ಗೊತ್ತಾಗಿತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅಂತ ನಮ್ಮ ದೇಶದ ಮಾನಕ. ಗುಡಿ ಬೋರಿನದು ಆ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ ಇತ್ತು.

ಮೇಷ್ಟ್ರು ಆಗ ಹೇಳಿದ್ದು ಇವತ್ತಿಗೂ ನೆನಪಿದೆ. ಫ್ಲೋರೈಡು ಕ್ಯಾಲ್ಸಿಯಂ ಸಿಕ್ಕರೆ ಅದರ ಜೊತೆ ಗಟ್ಟಿಯಾಗಿ ಕೂತುಬಿಡುತ್ತದೆ. ಹಾಗಾಗಿ ಕ್ಯಾಲ್ಸಿಯಂ ಕಡಿಮೆ ಇರುವ ಮೆತ್ತನೆಯ ನೀರಿನಲ್ಲೇ ಸಾಮಾನ್ಯವಾಗಿ ಅದು ಜಾಸ್ತಿ ಕರಗಿ ಉಳಿಯುತ್ತದೆ. ಬೇಳೆ ಚೆನ್ನಾಗಿ ಬೆಂದ ನೀರೇ ನಮ್ಮ ಹಲ್ಲು ಕೆಡಿಸಿತ್ತು. ಅದರಲ್ಲಿ ಯಾವ ಕಾರ್ಖಾನೆಯ ಕೈವಾಡವೂ ಇಲ್ಲ. ಕಲ್ಲಿನಿಂದ ಇಳಿದು ಬಂದದ್ದು, ನೂರಕ್ಕೆ ನೂರು ನೈಸರ್ಗಿಕ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಬೋರು ಆಳಕ್ಕೆ ಇಳಿದಷ್ಟೂ ನೀರು ಕಲ್ಲಿನ ಜೊತೆ ಜಾಸ್ತಿ ಕಾಲ ಕೂತಿರುತ್ತದೆ. ಇದು ಹೊಸ ಸುದ್ದಿಯೂ ಅಲ್ಲ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯಿಂದ 1937ರಲ್ಲೇ ಇದರ ವರದಿ ಬಂದಿತ್ತು.

ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹೆಚ್ಚುಕಡಿಮೆ ಎಂಟು ವರ್ಷದವರೆಗೆ, ಮೈಗೆ ಫ್ಲೋರೈಡ್ ಜಾಸ್ತಿ ಸೇರಿದರೆ ಹಲ್ಲಿನ ಮೇಲಿನ ಕವಚ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆಮೇಲೆ ಅಲ್ಲಿ ಕಲೆ ಕೂರುತ್ತದೆ. ಇದು ಮೇಲೆ ಹತ್ತಿದ ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ. ವರ್ಷಗಟ್ಟಲೆ ಜಾಸ್ತಿ ಪ್ರಮಾಣದಲ್ಲಿ ಕುಡಿದವರ ಎಲುಬಿಗೂ ಇದು ಇಳಿಯುತ್ತದೆ. ನಮ್ಮ ಸೋದರಮಾವ ಕೊನೆಗಾಲದಲ್ಲಿ ಯಾರಾದರೂ ಕರೆದರೆ ಕತ್ತು ತಿರುಗಿಸುತ್ತಿರಲಿಲ್ಲ, ಇಡೀ ಮೈ ತಿರುಗಿಸುತ್ತಿದ್ದರು.

ಈಗ ನಿಮ್ಮ ಟೂತ್‌ಪೇಸ್ಟ್ ಡಬ್ಬಿ ತೆಗೆದು ಓದಿ. ಹೆಚ್ಚಿನ ಪೇಸ್ಟುಗಳಲ್ಲಿ ಅದೇ ಫ್ಲೋರೈಡ್. ಪ್ರಮಾಣ ಕೆ.ಜಿ.ಗೆ ಸುಮಾರು 1000 ಮಿಲಿಗ್ರಾಂ. ನೀರಿನ ಮಿತಿಯ ಎದುರು ಇದು ಎಷ್ಟೋ ನೂರು ಪಟ್ಟು. ಆದರೆ ಪೇಸ್ಟು ಬಟಾಣಿ ಕಾಳಿನಷ್ಟು, ಎರಡು ನಿಮಿಷ, ಆಮೇಲೆ ಉಗುಳುತ್ತೇವೆ. ಅಷ್ಟು ಹೊತ್ತಿನಲ್ಲಿ ಅದು ಹಲ್ಲಿನ ಮೇಲ್ಪದರವನ್ನು ಗಟ್ಟಿ ಮಾಡಿ ಹುಳುಕು ತಡೆಯುತ್ತದೆ. ನನ್ನ ಹಲ್ಲು ಹಾಳು ಮಾಡಿದ ಸಾಮಾನನ್ನೇ ದಿನಾ ಬೆಳಿಗ್ಗೆ ನಾನೇ ಹಲ್ಲಿಗೆ ಹಚ್ಚಿಕೊಳ್ಳುತ್ತೇನೆ. ವೈನಿಗೆ ಇದನ್ನು ಹೇಳಿದಾಗ ಮೊದಲ ಸಲ ಅವರು ಸುಮ್ನೆ ಕೂತು ಪೂರ್ತಿ ಕೇಳಿಸಿಕೊಂಡರು.

ಊರಿಗೆ ಈಗ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ, ಆರ್‌ಒ ಮಷೀನು ಫ್ಲೋರೈಡನ್ನು ಸೋಸಿ ತೆಗೆಯುತ್ತದೆ. ಚಿಗವ್ವ ದಿನಾ ಒಂದು ಕ್ಯಾನು ತರುತ್ತಿದ್ದಳು, ಕುಡಿಯುವುದಕ್ಕೆ ಮಾತ್ರ. ಅಡುಗೆ ಬೋರಿನ ನೀರಿನಲ್ಲೇ. ಅದೂ ಬೇಡ ಅಂದೆ. "ಅಲ್ಲ ತಂಗಿ, ಅಡಿಗಿ ಏನ್ ಹಸಿ ನೀರಾಗ ಮಾಡ್ತೀನೇನು? ಕಳಕಳ ಕುದಿಸೇ ಮಾಡ್ತೀನಲಾ" ಅಂದಳು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆ ಆಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ, ಹಾಗಾಗಿ ಉಳಿದ ನೀರಿನಲ್ಲಿ ಅದು ಇನ್ನೂ ದಟ್ಟ. ಉಪ್ಪು ಹಾಕಿದ ಸಾರು ಕುದ್ದು ಕುದ್ದು ಉಪ್ಪಾಗುವುದಿಲ್ಲವಾ, ಹಾಗೆ ಅಂತ ಹೇಳಿದ ಮೇಲೆ ಒಪ್ಪಿದಳು.

ಈಗ ಎರಡು ಕ್ಯಾನು ತರುತ್ತಾಳೆ. ಚಹಾ ಮಾತ್ರ ಇನ್ನೂ ಗುಡಿ ಬೋರಿನ ನೀರಿನದೇ, ಕ್ಯಾನಿನ ನೀರಿಗೆ ರುಚಿ ಬರುವುದಿಲ್ಲವಂತೆ. ಚಹಾ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ ಅನ್ನುವುದನ್ನು ಅವಳಿಗೆ ಇನ್ನೂ ಹೇಳಿಲ್ಲ.