ಆ ಕಪ್ಪು ಬಿಯರ್ ಹೇಗೆ ಕುಡೀತೀಯ?

“ಆ ಕಪ್ಪು ಬಿಯರನ್ನ ಅದು ಹೇಗೆ ಕುಡೀತೀಯಪ್ಪಾ?” ನಾನು ಐರ್ಲೆಂಡಿನ ಡಬ್ಲಿನ್‌ನಲ್ಲಿ ಇದ್ದೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಊರಿಗೆ ಹೋದಾಗ, ಫೋನಿನಲ್ಲಿ, ಇಲ್ಲಿ ಕನ್ನಡದವರು ಸೇರುವ ಯುಗಾದಿ ಊಟದಲ್ಲೂ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ರುಚಿಯಾಗಿದೆ, ಅದಕ್ಕೆ ಕುಡಿಯುತ್ತೇನೆ.

ಕೇಳುವವರಿಗೆ ಈ ಉತ್ತರ ಬೇಡ. ‘ಹೇಗೆ ಕುಡೀತೀಯ’ ಅನ್ನುವಾಗಲೇ ಅವರು ತೀರ್ಮಾನ ಮಾಡಿಯಾಗಿರುತ್ತದೆ. ನಾನು ಮೂಗು ಮುಚ್ಚಿಕೊಂಡು ನುಂಗುತ್ತೇನೆ, ಐರಿಷ್ ಜನರ ಮುಂದೆ ಹೇಗೋ ಸಹಿಸಿಕೊಳ್ಳುತ್ತೇನೆ ಅಂತ ಅವರ ಲೆಕ್ಕ.

ನಮ್ಮ ಭಾವ ಇಲ್ಲಿಗೆ ಬಂದಾಗ ಪಬ್‌ಗೆ ಕರೆದುಕೊಂಡು ಹೋಗಿ ಎರಡು ಪೈಂಟ್ ಗಿನ್ನೆಸ್ ಹೇಳಿದೆ. ನೀವು ಕೇಳುವ ಆ ಕಪ್ಪು ಬಿಯರ್ ಇದೇ. ಗ್ಲಾಸನ್ನು ಓರೆ ಹಿಡಿದು ಮುಕ್ಕಾಲು ತುಂಬಿಸಿ, ಹಾಗೇ ಕೌಂಟರ್ ಮೇಲೆ ಇಟ್ಟುಬಿಡುತ್ತಾರೆ. ಒಳಗೆ ಕಂದು ನೊರೆ ಕಲಕುತ್ತಾ, ನಿಧಾನಕ್ಕೆ ಕಪ್ಪು ಕೆಳಗಿಳಿದು ಕೆನೆ ಮೇಲೆ ನಿಲ್ಲುತ್ತದೆ. ಆಮೇಲೆ ಉಳಿದದ್ದನ್ನು ತುಂಬಿಸುತ್ತಾರೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಭಾವ ಆ ಮುಕ್ಕಾಲು ಗ್ಲಾಸು ನೋಡಿದರು. “ಏನಯ್ಯಾ ಇದು, ಪೂರ್ತಿ ದುಡ್ಡು ತಗೊಂಡು ಇಷ್ಟೇನಾ ಕೊಡೋದು?” ಅಂದರು. “ಸ್ವಲ್ಪ ಇರಿ ಭಾವ” ಅನ್ನುವಷ್ಟರಲ್ಲಿ ಎತ್ತಿ ಬಾಯಿಗೆ ಇಟ್ಟೇಬಿಟ್ಟರು. ಗ್ಲಾಸಿಗೆ ಕೈ ಚಾಚಿದ್ದ ಬಾರ್‌ನವನು ಹಾಗೇ ನಿಂತ. ಭಾವ ಮುಖ ಸಿಂಡರಿಸಿ, “ಥೂ, ಸುಟ್ಟ ವಾಸನೆ. ಸುಮ್ನೆ ಶೋಕಿಗೆ ಕುಡೀತೀಯ ಅಲ್ವಾ?” ಅಂದರು. ಆ ‘ಶೋಕಿ’ ಮಾತು ಇವತ್ತಿಗೂ ಮನೆಯಲ್ಲಿ ಓಡಾಡುತ್ತಿದೆ. ನನಗೆ ನಿಜವಾಗಿ ಬೇಜಾರಾಗುತ್ತದೆ.

ಸುಟ್ಟ ವಾಸನೆ ಅಂದದ್ದು ಸರಿ. ಅದೇ ಇದರ ಜೀವ. ಬಿಯರ್‌ನ ಬಹುಪಾಲು ಮಾಮೂಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದಕ್ಕೆ ಮೊಳಕೆ ಬರಿಸದ ಒಂದಿಷ್ಟು ಬಾರ್ಲಿಯನ್ನು ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಪ್ಪಾಗುವಂತೆ ಹುರಿದು ಸೇರಿಸುತ್ತಾರೆ. ಬಣ್ಣ, ಪರಿಮಳ, ನಾಲಿಗೆಯ ಕೊನೆಯಲ್ಲಿ ನಿಲ್ಲುವ ಹುರಿದ ಕಹಿ ಎಲ್ಲ ಆ ಸ್ವಲ್ಪದರಿಂದಲೇ. ಗ್ಲಾಸನ್ನು ಬೆಳಕಿಗೆ ಹಿಡಿದರೆ ಗಾಢ ಕೆಂಪು ಕಾಣುತ್ತದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟನ್ನು ಕಪ್ಪಗೆ ಹುರಿಯುವ ತಿರುಗುವ ಉರುಳೆಗೆ ಪೇಟೆಂಟ್ ಪಡೆದ. ಕಾಫಿ ಬೀಜ ಹುರಿಯುತ್ತಾರಲ್ಲ, ಅಂಥದ್ದೇ ಉರುಳೆ.

ನಾನು ಸಕಲೇಶಪುರದ ಕಡೆಯವನು. ನಮ್ಮಲ್ಲಿ ಚಿಕ್ಕವರ ಲೋಟಕ್ಕೆ ಹಾಲು ಜಾಸ್ತಿ, ಡಿಕಾಕ್ಷನ್ ಹೆಸರಿಗೆ. ಬೆಳೆದ ಹಾಗೆ ಡಿಕಾಕ್ಷನ್ ಏರುತ್ತದೆ. ಅಷ್ಟು ಕಹಿ ಹೇಗೆ ಕುಡೀತೀಯ ಅಂತ ಅಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ಸ್ಟೌಟ್‌ಗೂ, ಅಂದರೆ ಇಂಥ ಕಪ್ಪು ಬಿಯರ್‌ಗೂ, ದಾರಿ ಅದೇ. ಮಿಲ್ಕ್ ಸ್ಟೌಟ್ ಅಂತ ಒಂದಿದೆ. ಅದಕ್ಕೆ ಹಾಲಿನ ಸಕ್ಕರೆ ಹಾಕುತ್ತಾರೆ, ಯೀಸ್ಟ್‌ಗೆ ಅದನ್ನು ತಿನ್ನಲು ಆಗುವುದಿಲ್ಲ, ಹಾಗಾಗಿ ಸಿಹಿ ಉಳಿಯುತ್ತದೆ. ಅಲ್ಲಿಂದ ಶುರು ಮಾಡಿ. ಆಮೇಲೆ ಓಟ್ಸ್ ಹಾಕಿದ್ದು. ಕೊನೆಗೆ ಐರಿಷ್ ಸ್ಟೌಟ್. ನಾನು ಕಲಿತದ್ದೂ ಹೀಗೇ. ಐಸ್‌ನಂತೆ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಸ್ವಲ್ಪ ಹೊತ್ತು ಬಿಡಿ. ಚೂರು ಚೂರು ಹೀರಬೇಡಿ. ಕೆನೆಯ ಅಡಿಯಿಂದ ಬಾಯಿ ತುಂಬ ತೆಗೆದುಕೊಳ್ಳಿ.

ಕೆನೆ ಬರುವುದು ನೈಟ್ರೋಜನ್‌ನಿಂದ. ಮಾಮೂಲಿ ಬಿಯರ್‌ನಲ್ಲಿ ನಾಲಿಗೆ ಚುರುಗುಟ್ಟಿಸುವುದು ಕಾರ್ಬನ್ ಡೈಆಕ್ಸೈಡ್. 1959ರಿಂದ ಗಿನ್ನೆಸ್‌ನವರು ಡ್ರಾಫ್ಟ್‌ಗೆ, ಅಂದರೆ ಪಬ್‌ನಲ್ಲಿ ನಲ್ಲಿಯಿಂದ ತುಂಬಿಸಿಕೊಡುವ ಬಿಯರ್‌ಗೆ, ನೈಟ್ರೋಜನ್ ಬೆರೆಸುತ್ತಾರೆ. ಅದು ಸುಲಭಕ್ಕೆ ಕರಗುವುದಿಲ್ಲ, ಗುಳ್ಳೆ ತೀರಾ ಸಣ್ಣ, ಅದಕ್ಕೇ ಬಾಯಿಗೆ ಅಷ್ಟು ಮೆತ್ತಗೆ. ಭಾವ ಕಾಯದೆ ಬಿಟ್ಟದ್ದು ಇದನ್ನೇ.

ಇನ್ನೊಂದು ಮಾತು ಕೇಳಿ ಕೇಳಿ ರೋಸಿಹೋಗಿದೆ: “ಕಪ್ಪಗಿದೆ, ಕಿಕ್ ಜಾಸ್ತಿ ಇರಬೇಕು.” ಈ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಶೇಕಡ 4.2. ನಮ್ಮಲ್ಲಿ ಸ್ಟ್ರಾಂಗ್ ಅಂತ ಮಾರುವ ಹಳದಿ ಬಿಯರ್‌ನಲ್ಲಿ 7, 8ರವರೆಗೂ ಇರುತ್ತದೆ. 7.5ರ ಕಪ್ಪು ಗಿನ್ನೆಸ್ ಕೂಡ ಇದೆ, ಆದರೆ ಅದು ಬೇರೆ ಬಾಟಲಿ. ಬಣ್ಣ ನೋಡಿ ಅಮಲು ಅಳೆಯಬೇಡಿ.

ಇಷ್ಟು ವರ್ಷದಲ್ಲಿ ಒಬ್ಬರಾದರೂ ಹೀಗೆ ಕೇಳಬಾರದಿತ್ತಾ: ಗಿನ್ನೆಸ್, ಮರ್ಫೀಸ್, ಬೀಮಿಷ್, ಮೂರರಲ್ಲಿ ಯಾವುದು ಚೆನ್ನ? ಕೇಳಿದ್ದರೆ ಅವರನ್ನು ಕೂರಿಸಿಕೊಂಡು ರಾತ್ರಿಯಿಡೀ ಹೇಳುತ್ತಿದ್ದೆ. ಗಿನ್ನೆಸ್ ಡಬ್ಲಿನ್‌ನದು. 1759ರಲ್ಲಿ ಆರ್ಥರ್ ಗಿನ್ನೆಸ್ ಅಲ್ಲಿನ ಕಾರ್ಖಾನೆಯ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಕ್ಕೆ ಲೀಸ್‌ಗೆ ಹಿಡಿದ. ಉಳಿದೆರಡೂ ದಕ್ಷಿಣದ ಕಾರ್ಕ್ ಊರಿನವು. ಬೀಮಿಷ್ 1792ರದು, ಮರ್ಫೀಸ್ 1856ರದು. ಬೀಮಿಷ್‌ನ ಹಳೆಯ ಕಾರ್ಖಾನೆ 2009ರಲ್ಲಿ ಮುಚ್ಚಿತು. ಈಗ ಎರಡೂ ಒಂದೇ ಕಡೆ ತಯಾರಾಗುತ್ತವೆ. ಹಾಗಿದ್ದೂ ರುಚಿ ಬೇರೆ. ಮರ್ಫೀಸ್‌ನಲ್ಲಿ ಕಹಿ ಕಮ್ಮಿ, ಟಾಫಿಯ ಸುಳಿವು ಇದೆ. ಬೀಮಿಷ್‌ನಲ್ಲಿ ಚಾಕೊಲೇಟ್ ಮುಂದೆ ಬರುತ್ತದೆ. ಮೂರರಲ್ಲಿ ಸಿಹಿ ತೀರಾ ಕಮ್ಮಿ ಗಿನ್ನೆಸ್‌ನಲ್ಲಿ, ಹುರಿದ ಕಹಿ ಕೊನೆಯವರೆಗೂ ಇರುತ್ತದೆ. ನನ್ನ ಓಟು ಬೀಮಿಷ್‌ಗೆ. ಡಬ್ಲಿನ್‌ನಲ್ಲಿ ಇದ್ದುಕೊಂಡೇ ಹೇಳುತ್ತಿದ್ದೇನೆ.

ಮುಂದಿನ ಸಲ ಇಲ್ಲಿಗೆ ಬರುವವರು, ಗಿನ್ನೆಸ್ ಕಾರ್ಖಾನೆ ನೋಡಿದ ಮೇಲೆ ಪಕ್ಕದ ಹ್ಯೂಸ್ಟನ್ ನಿಲ್ದಾಣದಲ್ಲಿ ಕಾರ್ಕ್ ರೈಲು ಹತ್ತಿ. ಸುಮಾರು ಎರಡೂವರೆ ಗಂಟೆ ದಾರಿ. ಮೊದಲು ಮರ್ಫೀಸ್ ಕುಡಿಯಿರಿ, ಆಮೇಲೆ ಬೀಮಿಷ್. ಯಾವುದು ಹಿಡಿಸಿತು ಅಂತ ಬಂದು ಹೇಳಿ.