ಮೊರದಲ್ಲಿ ಕಾಲು ಕಿಲೋ ಕಾಳು

ನೆನಪು ಮಸುಕಾಗುತ್ತಿರುವ ಹಿರಿಯರನ್ನು ನಾವು ದಿನಾ ಪರೀಕ್ಷೆಗೆ ಕೂರಿಸುತ್ತೇವೆ. ಮನೆಗೆ ಬಂದವರೆಲ್ಲ "ಆಯಿ, ನಾ ಯಾರು ಹೇಳ್ ನೋಡೂಣು?" ಅಂತ ಕೇಳುವುದು ಪ್ರೀತಿಯಿಂದಲೇ. ಆದರೆ ಹೆಸರು ಬಾಯಿಗೆ ಬಾರದ ಆಯಿಗೆ ಅದು ಹತ್ತು ಮಂದಿ ಎದುರಿನ ಅವಮಾನ. ನಾಲ್ಕು ಸಲ ಹೀಗಾದರೆ ಮಾತೇ ಬಿಡುತ್ತಾರೆ. "ಆಯಿ, ನಾ ಗೀತಾ, ನಿನ್ನ ಮಗಳ ಮಗಳು, ಗದಗಿನಿಂದ ಬಂದೇನಿ" ಎಂದು ನಾವೇ ಹೇಳಿಬಿಡಬೇಕು.

ಮರೆವಿಗೆಲ್ಲ "ವಯಸ್ಸಾತು" ಎಂಬುದೇ ಕಾರಣವಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ದೆ ಗುಳಿಗೆ, ಕೆಲವು ಅಲರ್ಜಿ ಗುಳಿಗೆಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಸುಧಾರಿಸಲೂಬಹುದು. ಕಿವಿ ಮಂದವಾದವರಿಗೆ ಕೇಳಿಸದೇ ಹೋದ ಮಾತನ್ನು ನಾವು ಮರೆವಿನ ಲೆಕ್ಕಕ್ಕೆ ಬರೆಯುತ್ತೇವೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗಾಗಲಿ, ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಕಿಮ್ಸ್‌ಗಾಗಲಿ (ಈಗಿನ ಹೆಸರು ಕೆಎಂಸಿಆರ್‌ಐ) ಹೋಗುವಾಗ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಗೊಂದಲ ಎರಡು-ಮೂರು ದಿನದಲ್ಲಿ ಒಮ್ಮೆಲೇ ಹೆಚ್ಚಾದರೆ ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ ಅಥವಾ ಬಿದ್ದು ತಲೆಗೆ ಆದ ಪೆಟ್ಟು ಇರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮರೆವಿನ ರೋಗವಾದ ಆಲ್ಜೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಸೊರಗುವುದು ಹೊಸ ನೆನಪನ್ನು ಕೂಡಿಡುವ ಮಿದುಳಿನ ಭಾಗ, ಹಿಪೊಕ್ಯಾಂಪಸ್. ಕೈಗೆ ರೂಢಿಯಾದ ಕೆಲಸಕ್ಕೆ ಮಿದುಳಿನ ಬೇರೆ ಭಾಗಗಳ ಆಸರೆ ಇರುವುದರಿಂದ ಅದು ಬಹಳ ಕಾಲ ಉಳಿಯುತ್ತದೆ. ಮುಂಜಾನೆ ಏನು ತಿಂದೆ ಎಂಬುದು ಮರೆತವರ ಅಂಗೈಗೆ ಜೋಳದ ಹಿಟ್ಟಿನ ಹದ ಇನ್ನೂ ಗೊತ್ತಿರುತ್ತದೆ. ಹಿಡಿಯಬೇಕಾದ ಎಳೆ ಇದು. ನೆನಪು ಸುಧಾರಿಸಲೆಂದು ಮೊಬೈಲ್ ಆಟ ಆಡಿಸಿದರೆ ಹೆಚ್ಚಾಗಿ ಆ ಆಟವಷ್ಟೇ ಸುಧಾರಿಸುತ್ತದೆ.

ಕಾಳು ಹಸನು ಮಾಡುವುದನ್ನೇ ನೋಡಿ. 150 ಗ್ರಾಂ ಕಡಲೆ, 100 ಗ್ರಾಂ ಅಲಸಂದಿ ಬೆರೆಸಿ ಬಿದಿರಿನ ಮೊರದಲ್ಲಿ ಹಾಕಿ. ಸ್ಟೀಲ್ ತಾಟು ಬೇಡ, ಬೆಳಕು ಬಡಿದು ಕಾಳು ಸರಿಯಾಗಿ ಕಾಣುವುದಿಲ್ಲ. ಪಕ್ಕದಲ್ಲಿ ಎರಡು ಬಟ್ಟಲಿಟ್ಟು, ಒಂದಕ್ಕೆ ನಾಲ್ಕು ಕಡಲೆ, ಇನ್ನೊಂದಕ್ಕೆ ನಾಲ್ಕು ಅಲಸಂದಿ ನೀವೇ ಹಾಕಿ ಸುಮ್ಮನೆ ಪಕ್ಕದಲ್ಲಿ ಕೂಡಿ. ಬಾಯಿಮಾತಿನ ಸೂಚನೆ ಬೇಕಾಗುವುದಿಲ್ಲ, ಕೈ ತಾನೇ ನಡೆಯುತ್ತದೆ. ನಾಷ್ಟಾ ಆದ ಮೇಲೆ, ಮುಂಜಾನೆ 10ರ ಸುಮಾರಿಗೆ, 20 ನಿಮಿಷ ಸಾಕು. ತಪ್ಪು ಬಟ್ಟಲಿಗೆ ಬಿದ್ದ ಕಾಳನ್ನು ಎತ್ತಬೇಡಿ. ಆರಿಸಿ ಮುಗಿಸಿದ್ದನ್ನು ಅವರ ಕಣ್ಣೆದುರೇ ಮತ್ತೆ ಬೆರೆಸುವುದಂತೂ ಕೂಡದು. ಹಾಗೆ ಮಾಡಿದರೆ ಅದು ಕೆಲಸವಲ್ಲ, ಹೊತ್ತು ಕಳೆಯಲು ಕೊಟ್ಟ ಆಟ ಎಂದು ಅವರಿಗೆ ತಿಳಿಯುತ್ತದೆ, ಆಮೇಲೆ ಮೊರ ಮುಟ್ಟದೇ ಹೋಗಬಹುದು. ಅದೇ ಕಾಳು ನೆನೆಹಾಕಿ, ರಾತ್ರಿ ಪಲ್ಯ ಬಡಿಸುವಾಗ "ನೀ ಹಸನ ಮಾಡಿದ್ದು" ಅನ್ನಿ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಹಂತ ಬಂದಿದ್ದರೆ ಕಾಳು ಬಿಟ್ಟು ಟವೆಲ್ ಮಡಚಲು ಕೊಡಿ.

ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸುವುದು ಹಾವೇರಿ ಕಡೆಯ ಕೈಗಳಿಗೆ ಚಿರಪರಿಚಿತವೇನೋ ಹೌದು, ಆದರೆ ಅದೇ ಕೈಯಿಂದ ಕಣ್ಣು ಉಜ್ಜಿಕೊಳ್ಳುತ್ತಾರೆ. ಬೇಡ. ಕೌದಿ ಹೊಲಿಯುವವರಿಗೆ ಐದು ಸೂಜಿಗೆ ಮೊದಲೇ ದಾರ ಪೋಣಿಸಿಡಿ, ಏಳುವಾಗ ಐದನ್ನೂ ಎಣಿಸಿ ತೆಗೆದುಕೊಳ್ಳಿ. ಅಜ್ಜನಿಗೆ ಹಗ್ಗ ಹೊಸೆಯುವುದು, ಪೇಪರಿನ ತಲೆಬರಹ ಗಟ್ಟಿಯಾಗಿ ಓದುವುದು, ಶರೀಫರ ತತ್ವಪದ. ಮೊದಲ ಸಾಲು ನಾವು ಹೇಳಿದರೆ ಉಳಿದದ್ದು ಎಷ್ಟೋ ಸಲ ಅವರ ಬಾಯಿಂದಲೇ ಬರುತ್ತದೆ.

ಸಂಜೆ ಕಷ್ಟದ ಹೊತ್ತು. ತಮ್ಮದೇ ಮನೆಯಲ್ಲಿ ಕೂತು "ನಮ್ಮ ಮನಿಗೆ ಹೋಗೂಣು ನಡಿ" ಅನ್ನುತ್ತಾರೆ. ಇದೇ ನಿಮ್ಮ ಮನೆ ಎಂದು ವಾದಿಸಿದಷ್ಟೂ ಹಟ ಏರುತ್ತದೆ. ಕತ್ತಲಾಗುವ ಮೊದಲೇ ಲೈಟ್ ಹಾಕಿ, ಬಚ್ಚಲಿಗೆ ಹೋಗಬೇಕೇ, ನೀರಡಿಕೆಯೇ ನೋಡಿ, "ಚಾ ಕುಡಿಯೂಣು ಬಾ, ನಿಮ್ಮ ಮನಿ ಹೆಂಗಿತ್ತು ಹೇಳು" ಅನ್ನಿ. ಅವರು ಕೇಳುತ್ತಿರುವುದು ಹೆಚ್ಚಾಗಿ ಆ ಮನೆಯ ನೆಮ್ಮದಿಯನ್ನು.

ಆದರೂ ಒಂದು ದಿನ ಬಾಗಿಲು ದಾಟಿ ಹೋಗಬಹುದು. ಹುಬ್ಬಳ್ಳಿಯಲ್ಲಿ ಧಾರವಾಡಕ್ಕೆ ಓಡುವ ಚಿಗರಿ ಬಸ್ ಹತ್ತಿದರೆ ಇಳಿಯುವುದು ಧಾರವಾಡದಲ್ಲಿ. ಕಿಸೆಯ ಚೀಟಿ ಬಿದ್ದುಹೋಗುತ್ತದೆ, ಪೆನ್ನಿನ ಶಾಯಿ ಒಗೆತದಲ್ಲಿ ಹೋಗುತ್ತದೆ. ಅಂಗಿಯ ಒಳಕಿಸೆಗೆ, ಪೋಲಕದ ಒಳಮಡಿಕೆಗೆ ಮನೆಯ ಎರಡು ಫೋನ್ ನಂಬರ್ ದಾರದಲ್ಲೇ ಹೊಲಿದುಬಿಡಿ, ದಿನಾ ಉಡುವ ಪ್ರತಿ ಜೊತೆಗೂ.